ಕಲ್ಲಿನಲ್ಲಿ ಅಡಗಿದ ಅನಿಲ: ಶಹಾಬಾದ್ ಫರ್ಸಿಯಿಂದ ಸಿಮೆಂಟ್ ಗೂಡಿನವರೆಗೆ

ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಿನ ಪ್ರೌಢಶಾಲೆಗಳಲ್ಲಿ ಹತ್ತನೇ ತರಗತಿಯ ಒಂದು ಪ್ರಯೋಗಕ್ಕೆ ಸಾಮಗ್ರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗೌಂಡಿ ಫರ್ಸಿಯ, ಅಂದರೆ ನೆಲಕ್ಕೆ ಹಾಸುವ ಸುಣ್ಣದಕಲ್ಲಿನ ಹಲಗೆಯ, ಅಂಚನ್ನು ಉಳಿಯಿಂದ ಸರಿಮಾಡುವಾಗ ಸಿಡಿದ ಚಕ್ಕೆಯೊಂದನ್ನು ಪ್ರನಾಳದಲ್ಲಿ ಹಾಕಿ, ಅದರ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಟ್ಟರೆ ಕೂಡಲೇ ನೊರೆ ಏಳುತ್ತದೆ. ಹೊರಬಂದ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅನಿಲವನ್ನು ಇನ್ನಷ್ಟು ಹೊತ್ತು ಹಾಯಿಸುತ್ತಲೇ ಇದ್ದರೆ ಆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುತ್ತದೆ. ನೊರೆ ನಿಂತ ಮೇಲೆ ಪ್ರನಾಳದ ತಳದಲ್ಲಿ ಸ್ವಲ್ಪ ಕೆಸರು ಉಳಿಯುತ್ತದೆ. ಅದು ಆಮ್ಲಕ್ಕೆ ಕರಗದ ಮರಳು ಮತ್ತು ಜೇಡಿಮಣ್ಣಿನ ಅಂಶ, ಉಳಿದದ್ದೆಲ್ಲ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕಲಬುರಗಿ ಜಿಲ್ಲೆಯ ಒಂದು ಶತಮಾನದ ಕೈಗಾರಿಕೆಯ ಕಥೆಯೂ, ಇಂದು ಜಗತ್ತನ್ನು ಕಾಡುತ್ತಿರುವ ಹವಾಮಾನ ಬದಲಾವಣೆಯ ಒಂದು ಕಠಿಣ ಪ್ರಶ್ನೆಯೂ ಈ ನೊರೆಯಲ್ಲಿಯೇ ಇವೆ.

ಕಾಗಿಣಾ ಮತ್ತು ಭೀಮಾ ನದಿಗಳ ಆಸುಪಾಸಿನ ಈ ಸುಣ್ಣದಕಲ್ಲು ಐವತ್ತು ಕೋಟಿ ವರ್ಷಗಳಿಗೂ ಹಿಂದೆ, ಚಿಪ್ಪುಳ್ಳ ಪ್ರಾಣಿಗಳು ಕಡಲನ್ನು ತುಂಬುವುದಕ್ಕೆ ಮುಂಚೆ, ಆಳವಿಲ್ಲದ ಸಮುದ್ರದ ತಳದಲ್ಲಿ ಪದರಪದರವಾಗಿ ಕುಳಿತದ್ದು. ಹಾಗೆ ಪದರವಾಗಿ ಕುಳಿತದ್ದರಿಂದಲೇ ಅದು ಹಲಗೆಯಂತೆ ಏಳುತ್ತದೆ, ಮನೆಯ ನೆಲಕ್ಕೂ ಕಟ್ಟೆಗೂ ಹಾಸಲು ಒದಗುತ್ತದೆ. ಮಳೆನೀರು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಈ ಕಲ್ಲಿನ ಸಂದುಗಳಲ್ಲಿ ಇಳಿಯುವಾಗ ಕಲ್ಲನ್ನು ತುಸು ತುಸು ಕರಗಿಸಿಕೊಳ್ಳುತ್ತದೆ. ಸುಣ್ಣದಕಲ್ಲಿನ ನೆಲದ ಬಾವಿನೀರು ಗಡಸಾಗುವುದು ಹೀಗೆಯೇ. ನೀರು ಕಾಯಿಸುವ ಹಂಡೆಯ ಒಳಮೈಗೆ ಕಟ್ಟಿಕೊಳ್ಳುವ ಬಿಳಿ ಹೆಕ್ಕಳಿಕೆ ಬೇರೇನೂ ಅಲ್ಲ, ಕಾವು ತಾಗಿದಾಗ ಅನಿಲವನ್ನು ಬಿಟ್ಟುಕೊಟ್ಟು ಮತ್ತೆ ಕಲ್ಲಾದ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್.

ಕಲ್ಲಿನಲ್ಲಿ ಅನಿಲವಿದೆ ಎಂಬುದನ್ನು ತೂಕ ಮಾಡಿ ತೋರಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. 1756ರಲ್ಲಿ ಪ್ರಕಟವಾದ ಅವನ ಪ್ರಯೋಗಗಳು ಮೆಗ್ನೀಷಿಯಾ ಮತ್ತು ಸುಣ್ಣವನ್ನು ಕುರಿತವು. ಸುಣ್ಣದಕಲ್ಲನ್ನು ಸುಟ್ಟಾಗ ಅದರ ತೂಕ ಕಡಿಮೆಯಾಗುವುದು ಅದರಲ್ಲಿ ಬಂಧಿತವಾಗಿದ್ದ ಒಂದು ವಾಯು ಹೊರಹೋಗುವುದರಿಂದ ಎಂದು ಅವನು ತಕ್ಕಡಿಯ ಸಾಕ್ಷ್ಯದಿಂದ ಸಾಧಿಸಿದನು. ಇಂದಿನ ವಿದ್ಯಾರ್ಥಿ ಇದೇ ಲೆಕ್ಕವನ್ನು ಪರಮಾಣು ರಾಶಿಗಳಿಂದ ಮಾಡಬಲ್ಲನು: ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ ಸೇರಿ 48, ಒಟ್ಟು 100. ಹೀಗಾಗಿ ನೂರು ಕಿಲೋ ಶುದ್ಧ ಸುಣ್ಣದಕಲ್ಲನ್ನು ಸುಟ್ಟರೆ ಉಳಿಯುವ ಸುಟ್ಟ ಸುಣ್ಣ (ಕ್ಯಾಲ್ಸಿಯಂ ಆಕ್ಸೈಡ್) 56 ಕಿಲೋ, ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡ್ 44 ಕಿಲೋ. ಈ 44 ಕಿಲೋದಲ್ಲಿ ಇಂಧನದ ಹೊಗೆಯ ಪಾಲು ಒಂದು ಗುಲಗಂಜಿಯಷ್ಟೂ ಇಲ್ಲ. ಕಟ್ಟಿಗೆಯಿಂದ ಸುಡಲಿ, ಕಲ್ಲಿದ್ದಲಿನಿಂದ ಸುಡಲಿ, ಬಿಸಿಲಿನ ಶಾಖದಿಂದಲೇ ಸುಡಲಿ, ಕಲ್ಲು ಬಿಟ್ಟುಕೊಡುವ ಅನಿಲದಲ್ಲಿ ವ್ಯತ್ಯಾಸವಾಗುವುದಿಲ್ಲ.

ಹಿಂದಿನವರು ಸುಣ್ಣವನ್ನು ಭಟ್ಟಿಯಲ್ಲಿ ಸುಟ್ಟಾಗಲೂ ಈ ಅನಿಲ ಹೊರಹೋಗುತ್ತಿತ್ತು. ಆದರೆ ಅದು ಬಹುಮಟ್ಟಿಗೆ ಮರಳಿ ಬರುತ್ತಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಮರಳು ಬೆರೆಸಿ ಅರೆದು ಮಾಡಿದ ಗಚ್ಚು ಗಟ್ಟಿಯಾಗುವುದು ಗಾಳಿಯಿಂದ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡೇ. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯ ಗುಮ್ಮಟಗಳ ಗಚ್ಚು ಆರು ಶತಮಾನಗಳಲ್ಲಿ ನಿಧಾನವಾಗಿ ಮತ್ತೆ ಸುಣ್ಣದಕಲ್ಲಾಗಿದೆ.

ಈ ಹಳೆಯ ಸಮತೋಲನವನ್ನು ಬದಲಿಸಿದ್ದು ಎರಡು ಬೆಳವಣಿಗೆಗಳು. ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಗೌಂಡಿ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದನು. ಮುಂಬೈ ಕಡೆಯಿಂದ ರಾಯಚೂರಿನವರೆಗಿನ ರೈಲುಮಾರ್ಗ 1871ರಲ್ಲಿ ಕಲಬುರಗಿಯ ಮೂಲಕ ಹಾದುಹೋಯಿತು, 1874ರಲ್ಲಿ ನಿಜಾಮರ ರೈಲು ವಾಡಿಯನ್ನು ಸಿಕಂದರಾಬಾದಿಗೆ ಜೋಡಿಸಿತು. ಕಲ್ಲು ಇಲ್ಲಿತ್ತು, ಕಲ್ಲಿದ್ದಲು ಇರಲಿಲ್ಲ. ಅದನ್ನು ತರುವ ಹಳಿಯೂ, ಸಿದ್ಧವಾದ ಸರಕನ್ನು ಒಯ್ಯುವ ಹಳಿಯೂ ಈಗ ಒದಗಿದವು. ಹೈದರಾಬಾದ್ ಸಂಸ್ಥಾನದ ಕಾಲದಲ್ಲೇ, 1920ರ ದಶಕದಲ್ಲಿ, ಶಹಾಬಾದಿನಲ್ಲಿ ಸಿಮೆಂಟ್ ಉದ್ಯಮ ನೆಲೆಯೂರಿತು, 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎಸಿಸಿ (ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್) ರಚನೆಯಾದಾಗ ಅದೂ ಅದರೊಳಗೆ ಸೇರಿತು. ವಾಡಿಯ ಕಾರ್ಖಾನೆ 1968ರಲ್ಲಿ ಬಂತು. ಸಿಮೆಂಟಿನ ಬೆಲೆ ಮತ್ತು ಹಂಚಿಕೆಯ ಮೇಲಿನ ಸರ್ಕಾರಿ ನಿಯಂತ್ರಣವನ್ನು 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ಣವಾಗಿ ತೆಗೆದುಹಾಕಲಾಯಿತು. ಆ ದಶಕದಲ್ಲಿಯೇ ಮಳಖೇಡ ಮತ್ತು ಸೇಡಂನಲ್ಲಿ ದೊಡ್ಡ ಕಾರ್ಖಾನೆಗಳು ತಲೆಯೆತ್ತಿದವು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಊರಿನ ಹೆಸರನ್ನು ಇಂದು ಹೊರಗಿನ ಅನೇಕರು ಸಿಮೆಂಟಿನ ಮೂಲಕ ತಿಳಿದಿದ್ದಾರೆ.

ಸಿಮೆಂಟ್ ಗೂಡಿನಲ್ಲಿ ನಡೆಯುವುದು ಸುಣ್ಣದ ಭಟ್ಟಿಯ ಕೆಲಸವೇ, ಆದರೆ ಅದು ಅಲ್ಲಿಗೆ ನಿಲ್ಲುವುದಿಲ್ಲ. ಪುಡಿಮಾಡಿದ ಸುಣ್ಣದಕಲ್ಲು ಮತ್ತು ಜೇಡಿಮಣ್ಣಿನ ಮಿಶ್ರಣ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅನಿಲವನ್ನು ಬಿಟ್ಟುಕೊಡುತ್ತದೆ. ನಂತರ ಸುಮಾರು 1450 ಡಿಗ್ರಿಯವರೆಗೆ ಕಾದು, ಸುಣ್ಣವೂ ಸಿಲಿಕಾವೂ ಕೂಡಿ, ಕ್ಲಿಂಕರ್ ಎಂಬ ಕಪ್ಪು ಬೂದು ಬಣ್ಣದ ಗುಂಡುಗಳಾಗುತ್ತವೆ. ಅದಕ್ಕೆ ಸ್ವಲ್ಪ ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟ್. ಒಂದು ಟನ್ ಕ್ಲಿಂಕರಿನಲ್ಲಿ ಸುಮಾರು 650 ಕಿಲೋ ಕ್ಯಾಲ್ಸಿಯಂ ಆಕ್ಸೈಡ್ ಇರುತ್ತದೆ. ಅದನ್ನು 44ರಿಂದ ಗುಣಿಸಿ 56ರಿಂದ ಭಾಗಿಸಿದರೆ ಸುಮಾರು 510 ಕಿಲೋ ಕಾರ್ಬನ್ ಡೈಆಕ್ಸೈಡ್ ಎಂಬ ಉತ್ತರ ಬರುತ್ತದೆ. ಅರ್ಧ ಟನ್ನಿಗೂ ಮಿಕ್ಕಿದ ಈ ಅನಿಲ ಕೇವಲ ಕಲ್ಲಿನದು. ಗೂಡಿನ ಇಂಧನದ ಹೊಗೆ ಇದರ ಮೇಲೆ ಬೇರೆಯಾಗಿ ಸೇರುತ್ತದೆ, ಮತ್ತು ಸಾಮಾನ್ಯವಾಗಿ ಅದು ಕಲ್ಲಿನ ಪಾಲಿಗಿಂತ ಕಡಿಮೆ. ನಮ್ಮ ಪಠ್ಯಗಳಲ್ಲಿ ಕಾರ್ಬನ್ ಡೈಆಕ್ಸೈಡಿನ ಹೆಚ್ಚಳವನ್ನು ಇಂಧನಗಳ ದಹನದ ಪಾಠದಲ್ಲಿ ಹೇಳಿ, ಸುಣ್ಣದಕಲ್ಲಿನ ವಿಘಟನೆಯನ್ನು ರಾಸಾಯನಿಕ ಕ್ರಿಯೆಗಳ ಪಾಠದಲ್ಲಿ ಬೇರೆಯಾಗಿ ಹೇಳುವ ರೂಢಿಯಿದೆ. ಉಳಿದ ಜಿಲ್ಲೆಗಳಲ್ಲಿ ಇದು ನಡೆದೀತು. ಕಲಬುರಗಿಯ ತರಗತಿಯಲ್ಲಿ ಈ ಎರಡು ಪಾಠಗಳನ್ನು ಒಂದೇ ದಿನ, ಒಂದೇ ಕರಿಹಲಗೆಯ ಮೇಲೆ ಬರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಧನದ ಪ್ರಶ್ನೆಯೂ ಅಷ್ಟು ಸರಳವಲ್ಲ. ತೈಲ ಶುದ್ಧೀಕರಣದಲ್ಲಿ ಉಳಿಯುವ ಪೆಟ್‌ಕೋಕ್‌ನಲ್ಲಿ ಗಂಧಕ ಬಹಳ. ಸುಪ್ರೀಂ ಕೋರ್ಟ್ 2017ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶ, ಹರಿಯಾಣ, ರಾಜಸ್ಥಾನಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತಾದರೂ ಅದೇ ಡಿಸೆಂಬರಿನಲ್ಲಿ ಸಿಮೆಂಟ್ ಕಾರ್ಖಾನೆಗಳಿಗೆ ವಿನಾಯಿತಿ ನೀಡಿತು. ಕಾರಣ ರಸಾಯನವೇ: ಗೂಡಿನೊಳಗಿನ ಸುಣ್ಣ ಗಂಧಕದ ಅನಿಲವನ್ನು ಹಿಡಿದು ಕ್ಯಾಲ್ಸಿಯಂ ಸಲ್ಫೇಟ್ ಮಾಡಿಕೊಳ್ಳುತ್ತದೆ. ಗಂಧಕಕ್ಕೆ ಸಿಕ್ಕ ಈ ಪರಿಹಾರ ಕಾರ್ಬನ್ನಿಗೆ ಸಿಗುವುದಿಲ್ಲ. ತೊಗರಿ ಕಟ್ಟಿಗೆಯಂತಹ ಕೃಷಿ ತ್ಯಾಜ್ಯವನ್ನು ಉರಿಸಿದರೆ ಹೊರಬರುವ ಕಾರ್ಬನ್ ಹಿಂದಿನ ಮುಂಗಾರಿನಲ್ಲಿ ಗಾಳಿಯಿಂದ ಗಿಡ ಪಡೆದದ್ದು, ಆದುದರಿಂದ ಇಂಧನದ ಪಾಲಿನ ಮಟ್ಟಿಗೆ ಅದು ಉಪಕಾರಿ. ಕಲ್ಲಿನ 510 ಕಿಲೋ ಮಾತ್ರ ಇದ್ದಷ್ಟೇ ಇರುತ್ತದೆ.

ವಾತಾವರಣದ ಅಳತೆಗೂ ಸುಣ್ಣದಕಲ್ಲಿಗೂ ಒಂದು ನಂಟಿದೆ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಕೈಗೆತ್ತಿಕೊಂಡ ಮೊದಲ ಪ್ರಶ್ನೆ ಸುಣ್ಣದಕಲ್ಲು, ಅದನ್ನು ತಾಗಿ ಹರಿಯುವ ನೀರು ಮತ್ತು ಗಾಳಿ ಇವುಗಳ ನಡುವಿನ ಸಮತೋಲನವನ್ನು ಕುರಿತದ್ದಾಗಿತ್ತು. ಅದಕ್ಕಾಗಿ ಗಾಳಿಯಲ್ಲಿರುವ ಅನಿಲವನ್ನು ಬಹಳ ನಿಖರವಾಗಿ ಅಳೆಯಬೇಕಾಯಿತು, ಆ ಅಳತೆಯೇ ಅವನ ಜೀವಮಾನದ ಕೆಲಸವಾಯಿತು. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅವನು ಅಳೆಯಲು ಆರಂಭಿಸಿದಾಗ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಇತ್ತು. 2024ರ ಸರಾಸರಿ 420ನ್ನು ದಾಟಿದೆ. ಮನುಷ್ಯ ಚಟುವಟಿಕೆಯಿಂದ ಗಾಳಿಗೆ ಸೇರುವ ಈ ಅನಿಲದಲ್ಲಿ ಸಿಮೆಂಟಿನ ಪಾಲು ಶೇಕಡ 7ರಿಂದ 8ರಷ್ಟೆಂದು ಅಂದಾಜು.

ನೀತಿ ಈ ರಸಾಯನವನ್ನು ಹಿಡಿಯಲು ತಡವಾಯಿತು. 2012ರಲ್ಲಿ ಆರಂಭವಾದ ಕೇಂದ್ರದ ಯೋಜನೆ ಕಾರ್ಖಾನೆಗಳು ಉಳಿಸುವ ಶಕ್ತಿಯನ್ನು ಲೆಕ್ಕ ಹಾಕುತ್ತಿತ್ತು, ಕಲ್ಲಿನಿಂದ ಬರುವ ಅನಿಲ ಅದರ ಎಣಿಕೆಗೆ ಬರುತ್ತಿರಲಿಲ್ಲ. 2023ರ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಹಸಿರುಮನೆ ಅನಿಲವನ್ನೇ ಅಳತೆಗೋಲಾಗಿ ಇಟ್ಟುಕೊಂಡಿತು, 2025ರಲ್ಲಿ ಸಿಮೆಂಟಿಗೆ ಗುರಿಗಳು ಪ್ರಕಟವಾದವು. ಕಲ್ಲಿನ ಪಾಲನ್ನು ಇಳಿಸುವ ಸದ್ಯದ ದಾರಿ ಕ್ಲಿಂಕರನ್ನೇ ಕಡಿಮೆ ಬಳಸುವುದು. ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಶೇಕಡ 35ರವರೆಗೆ ಬೆರೆಸಲು ಭಾರತೀಯ ಮಾನಕ ಅವಕಾಶ ಕೊಡುತ್ತದೆ, ಮತ್ತು ಅಂತಹ ಸ್ಥಾವರ ಹತ್ತಿರದ ರಾಯಚೂರಿನಲ್ಲಿಯೇ ಇದೆ. ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದಕಲ್ಲಿನ ಪುಡಿಯನ್ನು ಬೆರೆಸಿದ ಸಿಮೆಂಟಿಗೂ 2023ರಲ್ಲಿ ಮಾನಕ ಬಂದಿದೆ. ಇದರಲ್ಲಿ ನಮ್ಮ ಕಲ್ಲಿನ ಒಂದು ಭಾಗ ತನ್ನ ಅನಿಲವನ್ನು ಹಿಡಿದುಕೊಂಡೇ ಸಿಮೆಂಟಿಗೆ ಸೇರುತ್ತದೆ.

ಕಾಂಕ್ರೀಟು ಕೂಡ ಗಚ್ಚಿನಂತೆ ಗಾಳಿಯಿಂದ ಅನಿಲವನ್ನು ಮರಳಿ ಹೀರುತ್ತದೆ, ಆದರೆ ಮೇಲ್ಮೈಯಿಂದ ಒಳಕ್ಕೆ, ಬಹಳ ನಿಧಾನವಾಗಿ. ಅದನ್ನು ಕಾಣಲು ಶಾಲೆಯ ಕಪಾಟಿನಲ್ಲಿರುವ ಫಿನಾಲ್ಫ್ತಲೀನ್ ಸಾಕು. ಕೆಡವಿದ ಹಳೆಯ ಕಂಬದ ತುಂಡೊಂದನ್ನು ಆಗತಾನೇ ಒಡೆದು, ಆ ಹೊಸ ಮೈಗೆ ದ್ರಾವಣವನ್ನು ಹನಿಸಿದರೆ ಪ್ರತ್ಯಾಮ್ಲ ಉಳಿದಿರುವ ಒಳಭಾಗವೆಲ್ಲ ಗಾಢ ಗುಲಾಬಿಯಾಗುತ್ತದೆ, ಅನಿಲವನ್ನು ಹೀರಿ ಪ್ರತ್ಯಾಮ್ಲ ಕಳೆದುಕೊಂಡ ಅಂಚಿನಲ್ಲಿ ಮಾತ್ರ ಬಣ್ಣ ಹತ್ತದ ಬೂದು ಪಟ್ಟಿಯೊಂದು ಉಳಿಯುತ್ತದೆ. ಆ ಪಟ್ಟಿ ಕಂಬದೊಳಗಿನ ಸರಳನ್ನು ಮುಟ್ಟಿದರೆ ಕಬ್ಬಿಣ ತುಕ್ಕು ಹಿಡಿಯಲು ಆರಂಭಿಸುತ್ತದೆ, ಆದ್ದರಿಂದ ಎಂಜಿನಿಯರುಗಳು ಅದು ಅಗಲವಾಗುವುದನ್ನು ಬಯಸುವುದಿಲ್ಲ. ಗೂಡಿನಿಂದ ಹೊರಬಿದ್ದ ಅನಿಲದಲ್ಲಿ ಆ ಕಂಬಕ್ಕೆ ಇಲ್ಲಿಯವರೆಗೆ ಮರಳಿರುವುದು, ಸ್ಕೇಲು ಹಿಡಿದು ಮಿಲಿಮೀಟರಿನಲ್ಲಿ ಅಳೆಯಬಹುದಾದ ಆ ಪಟ್ಟಿಯಷ್ಟು.