ಹೊಟ್ಟೆ ಕ್ಯಾನ್ಸರ್: ಆಪರೇಷನ್‌ಗೂ ಮೊದಲು ಕೀಮೋ ಯಾಕೆ?

"ಗಡ್ಡೆ ಇದೆ ಅಂತ ಗೊತ್ತಾದ ಮೇಲೂ ತೆಗೆಯೋದು ಬಿಟ್ಟು ಎರಡು ತಿಂಗಳು ಡ್ರಿಪ್ ಹಾಕ್ತಾ ಕೂರ್ತಾರಲ್ಲ!" ಕೊಡಗಿನಿಂದ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿಗೋ ರೋಗಿಯನ್ನು ಕರೆದೊಯ್ದ ಮನೆಯವರ ಸಿಟ್ಟು ಇದು. ಸಹಜವೇ. ನೂರು ವರ್ಷ ಸರ್ಜನ್‌ಗಳೂ ಹೀಗೆಯೇ ಯೋಚಿಸಿದ್ದರು.

1881ರ ಜನವರಿಯಲ್ಲಿ ವಿಯೆನ್ನಾದ ಥಿಯೊಡೋರ್ ಬಿಲ್‌ರೋತ್ ಕ್ಯಾನ್ಸರ್ ತಗುಲಿದ ಜಠರದ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಕರುಳಿಗೆ ಹೊಲಿದರು. ರೋಗಿ ಚೇತರಿಸಿಕೊಂಡರು, ಕೆಲವೇ ತಿಂಗಳಲ್ಲಿ ಕ್ಯಾನ್ಸರ್ ಮರುಕಳಿಸಿ ತೀರಿಕೊಂಡರು. ಆಮೇಲೆ ಬಂದವರು ಸುತ್ತಲಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ಬಿಡಿಸಿ ತೆಗೆದರು. ಆದರೂ ಕಣ್ಣಿಗೆ ಕಾಣದೆ ಆಚೆ ಹೋಗಿದ್ದ ಜೀವಕೋಶಗಳಿಗೆ ಚಾಕು ಮುಟ್ಟಲಿಲ್ಲ.

ಹಾಗಾದರೆ ಆಪರೇಷನ್ ಆದ ಮೇಲೆ ಔಷಧ ಕೊಟ್ಟರಾಯಿತಲ್ಲ? ಕೊಟ್ಟರು, 2001ರಲ್ಲಿ ಅಮೆರಿಕದ ಅಧ್ಯಯನವೊಂದು ಕೀಮೋ ಜೊತೆ ರೇಡಿಯೇಷನ್ ಸೇರಿಸಿ ಲಾಭ ತೋರಿಸಿತು. ತೊಡಕು ಬೇರೆ ಕಡೆ ಇತ್ತು. ಜಠರ ಕಳೆದುಕೊಂಡವರಿಗೆ ಊಟ ಸೇರುವುದಿಲ್ಲ, ತೂಕ ಇಳಿಯುತ್ತದೆ, ಆ ಮೈಗೆ ಕೀಮೋ ತಡೆಯುವುದು ಕಷ್ಟ.

2006ರಲ್ಲಿ ಪ್ರಕಟವಾದ ಬ್ರಿಟನ್ನಿನ 'ಮ್ಯಾಜಿಕ್' ಅಧ್ಯಯನದಲ್ಲಿ 503 ರೋಗಿಗಳಿದ್ದರು. ಬರೀ ಆಪರೇಷನ್ ಆದವರಲ್ಲಿ ಐದು ವರ್ಷ ಬದುಕಿದವರು ಶೇ. 23, ಮೊದಲು ಮೂರು, ನಂತರ ಮೂರು ಸುತ್ತು ಕೀಮೋ ನಿಗದಿಯಾದವರಲ್ಲಿ ಶೇ. 36. ನನ್ನ ಕಣ್ಣಿಗೆ ಬೀಳುವುದು ಇನ್ನೊಂದು ಲೆಕ್ಕ: ಮೊದಲ ಮೂರು ಸುತ್ತನ್ನು ಹೆಚ್ಚಿನವರು ಮುಗಿಸಿದರು, ಆರನ್ನೂ ಮುಗಿಸಿದವರು ಸುಮಾರು ಶೇ. 42 ಮಾತ್ರ. ಮೈಯಲ್ಲಿ ಕಸುವಿರುವಾಗಲೇ ಔಷಧ ಕೊಡಬೇಕು ಎನ್ನುವ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. 2019ರಲ್ಲಿ ಜರ್ಮನಿಯವರ 'ಫ್ಲಾಟ್' ಔಷಧಕೂಟ ಮ್ಯಾಜಿಕ್ ಮಾದರಿಯ ಕೀಮೋವನ್ನೂ ಹಿಂದಿಕ್ಕಿತು: ಬದುಕಿನ ಮಧ್ಯಾಂಕ, ಅಂದರೆ ಅರ್ಧದಷ್ಟು ರೋಗಿಗಳು ದಾಟಿದ ಅವಧಿ, 35 ತಿಂಗಳಿಂದ 50ಕ್ಕೆ ಏರಿತು.

ಎಲ್ಲರಿಗೂ ಇದೇ ದಾರಿಯಲ್ಲ. ತೀರಾ ಆರಂಭದ ಗಡ್ಡೆಗೆ ಕೀಮೋ ಬೇಕಿಲ್ಲ. ರಕ್ತ ನಿಲ್ಲದಿದ್ದರೆ, ಅನ್ನ ಕೆಳಗಿಳಿಯದಿದ್ದರೆ ಮೊದಲೇ ಕೊಯ್ಯಬೇಕಾದೀತು. ಜಪಾನ್, ಕೊರಿಯಾಗಳಲ್ಲಿ ಬಹುಕಾಲ ಆಪರೇಷನ್ನೇ ಮೊದಲು.

ಫ್ಲಾಟ್‌ನಲ್ಲಿ ಒಂದು ಔಷಧ 24 ಗಂಟೆ ಹನಿಯಬೇಕು, ಅದೂ ಎರಡು ವಾರಕ್ಕೊಮ್ಮೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಜುಲೈ ಮಳೆಯಲ್ಲಿ, ಇಲ್ಲವೇ ಕಾಫಿ ಕೊಯ್ಲಿನ ನಡುವೆ ತೋಟದ ಲೈನ್ ಮನೆಯ ಕೂಲಿಯೊಬ್ಬರು ಸಂಬಳ ಬಿಟ್ಟು ಆಪರೇಷನ್‌ಗೂ ಮೊದಲೇ ನಾಲ್ಕು ಸಲ ಹೋಗಿಬರುವುದು ಸಣ್ಣ ಮಾತಲ್ಲ. ನಡುವಿನ ದಿನಗಳಲ್ಲಿ ಬಿಳಿ ರಕ್ತಕಣ ಇಳಿದು ಜ್ವರ ಬಂದರೆ ಮಾತ್ರೆ ನುಂಗಿ ಮೈಸೂರಿನ ಮುಂದಿನ ತಾರೀಖಿಗೆ ಕಾಯಬಾರದು. ಫೈಲ್ ಹಿಡಿದು ಅದೇ ರಾತ್ರಿ ಮಡಿಕೇರಿಯ ಜಿಲ್ಲಾಸ್ಪತ್ರೆಗೆ ಹೋಗಿ, ಕೀಮೋ ನಡೆಯುತ್ತಿದೆ ಎಂದು ಮೊದಲೇ ಹೇಳಬೇಕು.