ಡ್ರಮ್ ತುಂಬಿದರೆ ಕೂಗುವ ಬಜರ್: ಬಿಸಿ 547 (BC547) ಟ್ರಾನ್ಸಿಸ್ಟರ್ ಮಾಡುವ ಕೆಲಸ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಬೆಳಿಗ್ಗೆ ಐದೂವರೆಗೆ ನೀರು ಬರುತ್ತದೆ. ಬಚ್ಚಲಿನ ಡ್ರಮ್‌ಗೆ ಪೈಪ್ ಹಾಕಿ ಅಮ್ಮ ಚಹಾ ಇಡುವಷ್ಟರಲ್ಲಿ ನೀರು ತುಂಬಿ ಚೆಲ್ಲುತ್ತಿತ್ತು. ಅದಕ್ಕೇ ಈ ಪುಟ್ಟ ಸರ್ಕ್ಯೂಟ್ ಮಾಡಿದೆ. ಟ್ರಾನ್ಸಿಸ್ಟರ್ ಎಂದರೇನು ಅಂತ ನನಗೆ ನಿಜವಾಗಿ ಅರ್ಥವಾದದ್ದು ಇದರಿಂದಲೇ.

ಬೇಕಾದದ್ದು ಇಷ್ಟೇ: 9 ವೋಲ್ಟ್ ಬ್ಯಾಟರಿ, ಬಿಸಿ 547 ಟ್ರಾನ್ಸಿಸ್ಟರ್, 1 ಕಿಲೋಓಮ್ ರೆಸಿಸ್ಟರ್, ಬಜರ್, ಎರಡು ವೈರ್. ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್‌ನಲ್ಲಿ ಇಳಿದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ನಡೆದೇ ಹೋಗಬಹುದು. ಅಂಗಡಿಯಲ್ಲಿ 'ಆಕ್ಟಿವ್ ಬಜರ್' ಅಂತಲೇ ಕೇಳಿ, ಅದು ಬ್ಯಾಟರಿ ಕೊಟ್ಟರೆ ತಾನೇ ಕೂಗುತ್ತದೆ. ಪ್ಯಾಸಿವ್ ಕೊಟ್ಟರೆ ಬ್ಯಾಟರಿಗೆ ಮುಟ್ಟಿಸಿದಾಗ 'ಟಿಕ್' ಅಂದು ಸುಮ್ಮನಾಗುತ್ತದೆ.

ಮೊದಲು ಟ್ರಾನ್ಸಿಸ್ಟರ್ ಇಲ್ಲದೆ ಮಾಡಿ ನೋಡಿ. ಬ್ಯಾಟರಿ, ಬಜರ್, ನಡುವೆ ಒಂದು ಲೋಟ ನಲ್ಲಿ ನೀರು. ಬಜರ್ ಕೂಗುವುದಿಲ್ಲ. ನೀರಿನಲ್ಲಿ ಕರಗಿದ ಲವಣಗಳಿಂದ ಕರೆಂಟ್ ಹರಿಯುತ್ತದೆ ನಿಜ, ಆದರೆ ತುಂಬಾ ಕಡಿಮೆ. ವೈರ್ ತುದಿಗಳ ನಡುವಿನ ನೀರಿನ ರೆಸಿಸ್ಟೆನ್ಸ್ 20 ಕಿಲೋಓಮ್ ಅಂದುಕೊಳ್ಳಿ. 9 ವೋಲ್ಟ್‌ಗೆ ಅರ್ಧ ಮಿಲಿಆಂಪಿಯರ್ ಕೂಡ ಬರುವುದಿಲ್ಲ. ಬಜರ್‌ಗೆ ಬೇಕಾದದ್ದು ಸುಮಾರು 20!

ಟ್ರಾನ್ಸಿಸ್ಟರ್‌ಗೆ ಮೂರು ಕಾಲು: ಕಲೆಕ್ಟರ್, ಬೇಸ್, ಎಮಿಟರ್. ಬೇಸ್‌ಗೆ ಸಣ್ಣ ಕರೆಂಟ್ ಕೊಟ್ಟರೆ ಕಲೆಕ್ಟರ್‌ನಿಂದ ಎಮಿಟರ್‌ಗೆ ದೊಡ್ಡ ಕರೆಂಟ್ ಹರಿಯಬಹುದು. ಈಗ ಆ ಸಣ್ಣ ಕರೆಂಟನ್ನು ಬೇಸ್‌ಗೆ ಕೊಡಿ. ಒಂದು ವೈರ್ ಬ್ಯಾಟರಿಯ ಪ್ಲಸ್‌ನಿಂದ ನೀರಿಗೆ, ಇನ್ನೊಂದು ನೀರಿನಿಂದ ರೆಸಿಸ್ಟರ್ ಮೂಲಕ ಬೇಸ್‌ಗೆ. ಪ್ಲಸ್ ಮತ್ತು ಕಲೆಕ್ಟರ್ ನಡುವೆ ಬಜರ್. ಎಮಿಟರ್ ಮೈನಸ್‌ಗೆ. ಬೇಸ್-ಎಮಿಟರ್ ನಡುವೆ 0.7 ವೋಲ್ಟ್ ಹೋಗುತ್ತದೆ, ಉಳಿದ 8.3 ವೋಲ್ಟ್‌ಗೆ ದಾರಿಯಲ್ಲಿ ಒಟ್ಟು 21 ಕಿಲೋಓಮ್. ಅಂದರೆ ಬೇಸ್‌ಗೆ ಸುಮಾರು 0.4 ಮಿಲಿಆಂಪಿಯರ್. ಗೇನ್ (ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್‌ನಲ್ಲಿ ಹರಿಯಬಹುದು ಎಂಬ ಲೆಕ್ಕ) ಬರೀ 100 ಅಂದರೂ ಕಲೆಕ್ಟರ್‌ನಲ್ಲಿ 40 ಮಿಲಿಆಂಪಿಯರ್ ಹರಿಯಲು ಅವಕಾಶ ಇದೆ. ಬಜರ್ ತನಗೆ ಬೇಕಾದ 20ನ್ನು ತೆಗೆದುಕೊಳ್ಳುತ್ತದೆ. ನೀರು ಬಜರನ್ನು ನಡೆಸುತ್ತಿಲ್ಲ, ಬ್ಯಾಟರಿಯಿಂದ ಬರುವ ದೊಡ್ಡ ಕರೆಂಟ್‌ಗೆ ಬಾಗಿಲು ತೆರೆಯುತ್ತಿದೆ, ಅಷ್ಟೇ. ಎಷ್ಟು ಚೆಂದದ ಉಪಾಯ ಅಲ್ವಾ?

ರೆಸಿಸ್ಟರ್ ಬಿಡಬೇಡಿ. ವೈರ್ ತುದಿಗಳು ಒಂದಕ್ಕೊಂದು ತಾಗಿದರೆ ಬೇಸನ್ನು ಉಳಿಸುವುದು ಅದೇ.

ನಾನು ಎಡವಿದ್ದು ಕಾಲುಗಳಲ್ಲಿ. ಬಿಸಿ 547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲುಗಳು ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ನಾನು ತಿರುಗಿಸಿ ಹಾಕಿದ್ದೆ. ಹಾಗೆ ಹಾಕಿದರೆ ಗೇನ್ ತುಂಬಾ ಇಳಿದುಹೋಗುತ್ತದೆ. ಬಜರ್ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತು.

ಇನ್ನೊಂದು ಮಾತು ಮುಖ್ಯ. ಕೆಲವು ವಾರಗಳಲ್ಲಿ ಪ್ಲಸ್ ಕಡೆಯ ತಾಮ್ರದ ತುದಿ ಹಸಿರಾಗಿ ಸವೆಯಿತು, ಇನ್ನೊಂದು ಹಾಗೇ ಇತ್ತು. ಬ್ಯಾಟರಿಯ ಡಿಸಿ ಕರೆಂಟ್, ಅಂದರೆ ಒಂದೇ ದಿಕ್ಕಿನ ಕರೆಂಟ್, ಹರಿದಾಗ ಪ್ಲಸ್ ತುದಿಯ ತಾಮ್ರ ನೀರಿಗೆ ಕರಗುತ್ತದೆ. ಅದು ನಾವು ಬಳಸುವ ನೀರು! ಈಗ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿದ್ದೇನೆ. ಡ್ರಮ್‌ನ ಅಂಚಿನಿಂದ ನಾಲ್ಕು ಬೆರಳು ಕೆಳಗಿದೆ. ಬಜರ್ ಕೂಗಿದ ಕೂಡಲೇ ಅಮ್ಮ ನಲ್ಲಿ ನಿಲ್ಲಿಸಿ ಎರಡು ಚೊಂಬು ನೀರು ತೆಗೆಯುತ್ತಾರೆ, ಸ್ಕ್ರೂ ಮತ್ತೆ ಗಾಳಿಗೆ ಬರುತ್ತದೆ.