ಕರೆಂಟ್ ಹರಿಸದೆ ಕಾಂತ ತಿರುಗಿಸುವ ಮೆಮೊರಿ

ಕಂಪ್ಯೂಟರಿನ ರ‍್ಯಾಮ್‌ಗೆ ಮರೆವು ಜಾಸ್ತಿ. ಅದರ ಒಂದೊಂದು ಬಿಟ್ ಅಂದರೆ ಪುಟ್ಟ ಕೆಪಾಸಿಟರಿನಲ್ಲಿ ತುಂಬಿಟ್ಟ ಚಾರ್ಜ್. ಅದು ಸೋರುತ್ತಲೇ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ಬರೆಯಬೇಕು. ಕಂಪ್ಯೂಟರ್ ಸುಮ್ನೆ ಕೂತಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ಕರೆಂಟ್ ಹೋಯಿತೋ, ಬರೆದದ್ದೆಲ್ಲ ಹೋಯಿತು.

ಕಾಂತಕ್ಕೆ ಈ ಕಾಟ ಇಲ್ಲ. ಒಮ್ಮೆ ದಿಕ್ಕು ತಿರುಗಿಸಿಟ್ಟರೆ ಹಾಗೇ ಇರುತ್ತದೆ. ಒಂದು ದಿಕ್ಕು 0, ಎದುರು ದಿಕ್ಕು 1. ಹೀಗೆ ಕಾಂತದಲ್ಲಿ ಬಿಟ್ ಇಡುವ ಈಗಿನ ಎಂ-ರ‍್ಯಾಮ್ ಚಿಪ್‌ಗಳಲ್ಲಿ ಎರಡು ಕಾಂತ ಪದರಗಳ ನಡುವೆ ಸುಮಾರು 1 ನ್ಯಾನೋಮೀಟರ್ ದಪ್ಪದ ಮೆಗ್ನೀಷಿಯಂ ಆಕ್ಸೈಡ್ ಇರುತ್ತದೆ. ಎರಡೂ ಒಂದೇ ಕಡೆ ತಿರುಗಿದ್ದರೆ ಕರೆಂಟ್ ಸುಲಭವಾಗಿ ದಾಟುತ್ತದೆ. ಎದುರುಬದುರಾಗಿದ್ದರೆ ತಡೆ ಹೆಚ್ಚುತ್ತದೆ. ಓದುವುದು ಇಷ್ಟೇ. ತೊಂದರೆ ಇರುವುದು ಬರೆಯುವುದರಲ್ಲಿ. ದಿಕ್ಕು ಬದಲಿಸಲು ಜೋರಾಗಿ ಕರೆಂಟ್ ಹರಿಸಬೇಕು, ಹರಿದಲ್ಲೆಲ್ಲ ಬಿಸಿ.

ಬರೀ ವೋಲ್ಟೇಜ್ ಕೊಟ್ಟೇ ಕಾಂತವನ್ನು ತಿರುಗಿಸಬಹುದಾ? ಇಂಥ ನಂಟು ಇರಬಹುದೆಂದು ಪಿಯರ್ ಕ್ಯೂರಿ 1894ರಲ್ಲೇ ಊಹಿಸಿದ್ದರು. 1960ರಲ್ಲಿ ರಷ್ಯಾದ ಆಸ್ತ್ರೋವ್ ಅದನ್ನು ಕ್ರೋಮಿಯಂ ಆಕ್ಸೈಡಿನಲ್ಲಿ ಅಳೆದು ತೋರಿಸಿದರು. ಆದರೆ ಸುಮಾರು 34 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಗುಣ ಮಾಯ. ಚಿಪ್ ಅದಕ್ಕಿಂತ ಬಿಸಿಯಾಗುತ್ತದೆ, ಅಲ್ವಾ?

ಬೇರೆ ವಸ್ತು ಹುಡುಕೋಣ ಅಂದರೆ ಅವು ಬಲು ಅಪರೂಪ. ವೋಲ್ಟೇಜಿಗೆ ತಿರುಗಿಸಲು ಸಿಗುವಂತೆ ಹರಳಿನೊಳಗೆ ಚಾರ್ಜ್ ಒಂದು ಬದಿಗೆ ವಾಲಿ ನಿಲ್ಲಬೇಕಾದರೆ, ಸಾಮಾನ್ಯವಾಗಿ ಲೋಹದ ಪರಮಾಣುವಿನ ಡಿ-ಕವಚ (ಎಲೆಕ್ಟ್ರಾನ್‌ಗಳು ಇರುವ ಒಂದು ಪದರ) ಖಾಲಿ ಇರಬೇಕು. ಕಾಂತವಾಗಬೇಕಾದರೆ ಅದೇ ಕವಚದಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನ್‌ಗಳು ಬೇಕು. ಒಂದಕ್ಕೊಂದು ಹೊಂದುವುದೇ ಇಲ್ಲ. ಬಿಸ್ಮತ್ ಫೆರೈಟ್ ಎಂಬ ವಸ್ತು ಇದರಿಂದ ತಪ್ಪಿಸಿಕೊಂಡ ರೀತಿ ನನಗೆ ತುಂಬಾ ಇಷ್ಟ: ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದಾರೆ. ಚಾರ್ಜ್ ವಾಲಿಸುವುದು ಬಿಸ್ಮತ್, ಕಾಂತದ ಪಾಲು ಕಬ್ಬಿಣದ್ದು. ಅದೂ ಕೋಣೆಯ ಉಷ್ಣತೆಯಲ್ಲೇ.

2003ರಲ್ಲಿ ವಸ್ತುವಿಜ್ಞಾನಿ ರಮಾಮೂರ್ತಿ ರಮೇಶ್ ಅವರ ತಂಡ ಇದರ ಒಳ್ಳೆಯ ತೆಳು ಪದರ ಬೆಳೆಸಿತು. ತೆಳು ಯಾಕೆ ಬೇಕು? 100 ನ್ಯಾನೋಮೀಟರ್ ದಪ್ಪಕ್ಕೆ 1 ವೋಲ್ಟ್ ಕೊಟ್ಟರೆ ಸಿಗುವ ವಿದ್ಯುತ್ ಕ್ಷೇತ್ರ, 1 ಮಿಲಿಮೀಟರ್ ದಪ್ಪದ ತುಂಡಿನಲ್ಲಿ ಸಿಗಬೇಕಾದರೆ 10,000 ವೋಲ್ಟ್ ಬೇಕು.

ಆದರೆ ಬಿಸ್ಮತ್ ಫೆರೈಟಿನಲ್ಲಿ ಅಕ್ಕಪಕ್ಕದ ಕಬ್ಬಿಣದ ಪರಮಾಣುಗಳು ಒಂದರ ಕಾಂತವನ್ನು ಇನ್ನೊಂದು ಅಳಿಸಿಬಿಡುತ್ತವೆ. ಉಳಿಯುವುದು ತೀರಾ ಕಡಿಮೆ. ಅದಕ್ಕೇ ಮೇಲೆ ಕೋಬಾಲ್ಟ್-ಕಬ್ಬಿಣದ ಪದರ ಕೂರಿಸುತ್ತಾರೆ. ಕೆಳಗಿನದು ತಿರುಗಿದರೆ ಮೇಲಿನದೂ ತಿರುಗುತ್ತದೆ. ಚಾರ್ಜ್ ಒಂದೇ ಏಟಿಗೆ ಪೂರ್ತಿ ಮಗುಚಿಕೊಂಡರೆ ಕಾಂತ ತಿರುಗಲಾರದು ಎಂಬುದು ಮೊದಲಿನ ಲೆಕ್ಕಾಚಾರ. 2014ರಲ್ಲಿ ಪ್ರಯೋಗ ಮಾಡಿ ನೋಡಿದರೆ ಚಾರ್ಜ್ ಎರಡು ಹೆಜ್ಜೆಯಲ್ಲಿ ತಿರುಗುತ್ತಿತ್ತು. ಆ ಸುತ್ತುದಾರಿಯಿಂದಲೇ ಕಾಂತವೂ ಪೂರ್ತಿ ಮಗುಚಿತು.

ಇದೆಲ್ಲ ಅಂಗಡಿಗೆ ಯಾಕೆ ಇನ್ನೂ ಬಂದಿಲ್ಲ? ತಯಾರಿಸುವಾಗ ಬಿಸ್ಮತ್ ಆವಿಯಾಗಿ ಹೋಗುತ್ತದೆ. ಆ ಕೊರತೆಯಿಂದ ಪದರದಲ್ಲಿ ಕರೆಂಟ್ ಸೋರಬಹುದು. ಮತ್ತೆ ಮತ್ತೆ ತಿರುಗಿಸಿದರೆ ವಸ್ತು ದಣಿಯುತ್ತದೆ. ಇನ್ನು, ಚೆಂದದ ಪದರಗಳು ಬೆಳೆಯುವುದು ಅದಕ್ಕೆ ಹೊಂದುವ ವಿಶೇಷ ಹರಳುಗಳ ಮೇಲೆ. ಚಿಪ್ ತಯಾರಕರ ಕೈಯಲ್ಲಿ ಇರುವುದು ಸಿಲಿಕಾನ್.